ವಲ್ಲಿಯ ಕೆಳಗೆ ಮಾತಾಡುತ್ತಿದ್ದ ಮಾವ

ನಮ್ಮ ಸೋದರಮಾವ ಬಾಯಿಬಿಟ್ಟು ಒಂದು ಅಂಕಿ ಹೇಳಿದ್ದನ್ನು ಕೇಳಿದವರು ಇಡೀ ಹಾನಗಲ್ಲ ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ಮೊದಲು ನಂಬಿರಲಿಲ್ಲ! ಹಾಗಾದರೆ ಆತ ಮೂಕನೆ? ಛೆ, ಛೆ. ಮಾತಿಗೆ ಕುಳಿತನೆಂದರೆ ಎದುರಿಗಿದ್ದ ಚಹಾ ಆರಿ, ಕೆನೆಕಟ್ಟಿ, ಅದರಲ್ಲೊಂದು ನೊಣ ಬಿದ್ದು, ನೊಣ ತೆಗೆದು ಮತ್ತೆ ಕಾಸಿ ತಂದರೂ ಅವನ ಮಾತು ಮುಗಿಯುತ್ತಿರಲಿಲ್ಲ. ಲೆಕ್ಕ ಬಾರದವನೆ? ಶಾಲೆಯ ಮಾಸ್ತರನಾದ ನಾನು ಪಾಟಿಯ ಮೇಲೆ ಬರೆದು ಬಿಡಿಸುವ ಲೆಕ್ಕವನ್ನು ಅವನು ಮೀಸೆ ತಿರುವುವುದರೊಳಗೆ ಮುಗಿಸುತ್ತಿದ್ದ. ಆದರೆ ಒಂದು, ಎರಡು, ಮೂರು ಎಂಬ ಶಬ್ದಗಳು ಮಾತ್ರ ಅವನ ಹಲ್ಲು ದಾಟಿ ಹೊರಗೆ ಬರುತ್ತಿರಲಿಲ್ಲ.

ಅಂಕಿ ಹೇಳುವ ಪ್ರಸಂಗ ಬಂತೋ, ಹೆಗಲ ಮೇಲಿನ ವಲ್ಲಿಯನ್ನು ಜಾರಿಸಿ ಬಲಗೈ ಮೇಲೆ ಹೊದಿಸಿಕೊಂಡು ಎದುರಿಗಿದ್ದವರ ಮುಂದೆ ಚಾಚುತ್ತಿದ್ದ. ನೀವು ಆ ವಸ್ತ್ರದ ಕೆಳಗೆ ಕೈ ಹಾಕಬೇಕು. ಅವನು ನಿಮ್ಮ ಬೆರಳು ಹಿಡಿಯುತ್ತಾನೆ. ಹಿಡಿದ ಬೆರಳೆಷ್ಟೋ ಅಷ್ಟು! ನೀವು ಉತ್ತರ ಕೊಡುವುದೂ ಅವನ ಬೆರಳು ಹಿಡಿದೇ. ಅರ್ಧ ಬೇಕಾದರೆ ಬೆರಳಿನ ನಡುಗೆಣ್ಣು. ಐದರ ಮೇಲೆ ಬೇಕಾದರೆ ಕೈ ಬಿಟ್ಟು ಇನ್ನೊಮ್ಮೆ ಹಿಡಿಯುವುದು.

ಮಾವ ದನದ ದಲಾಲ. ಆಗ ನಮ್ಮ ಕಡೆಯ ದನದ ಸಂತೆಗಳಲ್ಲಿ ಎತ್ತಿನ ಧಾರಣೆಯನ್ನು ಯಾರೂ ಕೂಗಿ ಹೇಳುತ್ತಿರಲಿಲ್ಲ. ದಲಾಲ ಮೊದಲು ಮಾರುವವನ ಹತ್ತಿರ ಹೋಗಿ ವಲ್ಲಿಯ ಕೆಳಗೆ ಅವನ ಅಂಕಿ ತಿಳಿದುಕೊಳ್ಳಬೇಕು. ಆಮೇಲೆ ಕೊಳ್ಳುವವನ ಹತ್ತಿರ ಹೋಗಿ ಅವನದನ್ನು ತಿಳಿದುಕೊಳ್ಳಬೇಕು. ಒಬ್ಬನ ಅಂಕಿಯನ್ನು ಇನ್ನೊಬ್ಬನಿಗೆ ಸಾಯುವತನಕ ಹೇಳಬಾರದು. ಇಬ್ಬರನ್ನೂ ಇಷ್ಟಿಷ್ಟೇ ಸರಿಸಿ ಒಂದು ಕಡೆ ತಂದ ಮೇಲೆ ವಲ್ಲಿಯನ್ನು ಎತ್ತಿನ ಬೆನ್ನ ಮೇಲೆ ಬೀಸಿ ಒಗೆದನೆಂದರೆ ವ್ಯಾಪಾರ ಮುಗಿಯಿತು. ಆಮೇಲೆ ಬ್ರಹ್ಮ ಬಂದರೂ ಅದನ್ನು ತಿರುಗಿಸುವಂತಿಲ್ಲ. ನಲವತ್ತು ವರ್ಷ ಈ ಕೆಲಸ ಮಾಡಿದವನು ಮನೆಗೆ ಬಂದ ಮೇಲೆ ಬೇರೆ ಮನುಷ್ಯನಾಗುವುದು ಹೇಗೆ?

"ಅಂಕಿ ಬಾಯಾಗ ಬಂತಂದ್ರ ಅದು ಸಂತೀದು ಆತು. ಕೈಯಾಗ ಇದ್ರ ಇಬ್ಬರದ," ಎಂದು ನನಗೆ ಸಮಜಾಯಿಷಿ ಕೊಡುತ್ತಿದ್ದ.

ನಾನು ಆಡೂರಿನ ಶಾಲೆಗೆ ಮಾಸ್ತರನಾಗಿ ಹೋದದ್ದು ಐವತ್ತರ ದಶಕದ ಆರಂಭದಲ್ಲಿ. ಮಾವನ ಮನೆಯಲ್ಲೇ ಬಿಡಾರ. ಮೊದಲ ದಿನ ಸಂಜೆ ಊಟಕ್ಕೆ ಕೂತಾಗ ಕಂಡ ನೋಟವನ್ನು ನಾನು ಇನ್ನೂ ಮರೆತಿಲ್ಲ. ಮಾವನ ಹೆಂಡತಿ, ನಮ್ಮ ಅತ್ತಿ, ರೊಟ್ಟಿಯ ಬುಟ್ಟಿ ಹಿಡಿದು ಬಂದಳು. ಮಾವ ವಲ್ಲಿ ಚಾಚಿದ. ಅತ್ತಿ ಬುಟ್ಟಿ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ವಸ್ತ್ರದ ಕೆಳಗೆ ಕೈ ತೂರಿಸಿದಳು. ಇಬ್ಬರೂ ಗೋಡೆ ನೋಡುತ್ತ ಕೂತರು! ವಸ್ತ್ರ ಅತ್ತ ಇತ್ತ ಮಿಸುಕಿತು. ಅವನ ಹುಬ್ಬು ಏರಿತು, ಅವಳು ತಲೆ ಅಲ್ಲಾಡಿಸಿದಳು, ಅವನು ನಿಟ್ಟುಸಿರುಬಿಟ್ಟ. ಕಡೆಗೆ ಅವನು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ. ಅತ್ತಿ ಅವನ ತಾಟಿಗೆ ಎರಡೂವರೆ ರೊಟ್ಟಿ ಹಾಕಿದಳು.

"ಅವರು ಮೂರು ಅಂದ್ರು, ನಾ ಎರಡು ಅಂದೆ. ನಡುವ ಮುಗೀತು," ಎಂದು ಅತ್ತಿ ನನಗೆ ವಿವರಿಸಿದಳು. ಹೊಟ್ಟೆಯ ತೊಂದರೆ ಇದ್ದುದರಿಂದ ಅವನಿಗೆ ಮೂರು ರೊಟ್ಟಿ ಆಗಿಬರುತ್ತಿರಲಿಲ್ಲವಂತೆ. ಮದುವೆಯಾದಂದಿನಿಂದ ಒಂದು ದಿನವೂ ತಪ್ಪದೆ ಈ ವ್ಯಾಪಾರ ನಡೆದಿತ್ತು.

ಅವನ ಬೆರಳುಗಳಿಗೆ ಗೊತ್ತಾಗದ ಸಂಗತಿ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಎತ್ತಿನ ಭುಜದ ಹಿಂದಿನ ಚರ್ಮವನ್ನು ಚಿವುಟಿ ಬಿಟ್ಟು, "ಇದು ಮೊನ್ನೆ ಮೊನ್ನೆ ಜ್ವರಾ ಬಂದು ಎದ್ದೈತಿ," ಎನ್ನುತ್ತಿದ್ದ. ಎತ್ತಿನ ಯಜಮಾನ ಬೆವರುತ್ತಿದ್ದ. ಒಮ್ಮೆ ನನ್ನ ಹೊಸ ಅಂಗಿಯ ತೋಳು ಸವರಿ, "ಅಂಗಡಿಯವ ನಿನಗ ಹಳೇ ಥಾನಿನ ಅರಬಿ ಕೊಟ್ಟಾನ, ಇಷ್ಟ ಒಗತಕ್ಕ ಹರೀತೈತಿ," ಎಂದು ವಲ್ಲಿಯ ಕೆಳಗೆ ನನ್ನ ಎರಡು ಬೆರಳು ಹಿಡಿದ. ಅಂಗಿ ಎರಡೇ ಒಗೆತಕ್ಕೆ ಹರಿಯಿತು.

ನನ್ನ ಮದುವೆಯ ಮಾತುಕತೆಗೂ ಅವನೇ ಹಿರಿಯ. ಹೆಣ್ಣು ಹಿರೇಕೆರೂರಿನದು. ಬೀಗರು ಕಚೇರಿಯಲ್ಲಿ ಕಾರಕೂನರು, ಮೆತ್ತನೆಯ ಜನ, ಸಂತೆಯ ದಾರಿ ತುಳಿದವರಲ್ಲ. ಎಲ್ಲ ಗೊತ್ತಾದ ಮೇಲೆ ಅವರು, "ನಿಮ್ಮ ಕಡಿಂದ ಎಷ್ಟು ಮಂದಿ ಬರಬಹುದ್ರಿ?" ಎಂದು ಕೇಳಿದರು. ಮಾವ ವಲ್ಲಿ ಹೊದಿಸಿ ಕೈ ಚಾಚಿದ. ಬೀಗರಿಗೆ ಇದರ ಒಳಗುಟ್ಟು ಏನು ಗೊತ್ತು? ಗಂಡಿನ ಕಡೆಯ ಹಿರಿಯರು ಪ್ರೀತಿಯಿಂದ ಕೈ ನೀಡಿದ್ದಾರೆ ಎಂದುಕೊಂಡು, ಐದೂ ಬೆರಳನ್ನು ಗಟ್ಟಿಯಾಗಿ ಹಿಡಿದು ಅಲ್ಲಾಡಿಸಿದರು!

ಸಂತೆಯ ಲೆಕ್ಕದಲ್ಲಿ ಬೆರಳಿಗೊಂದು ನೂರು, ಐದು ಬೆರಳಿಗೆ ಐನೂರು ಮಂದಿ. ಮಾವ ಬೆರಗಾಗಿ ನನ್ನ ಕಿವಿಯಲ್ಲಿ, "ಎಂಥಾ ದೊಡ್ಡ ಮನಸಿನ ಮಂದಿ ಅದಾರೋ!" ಎಂದ. ಊರಿಗೆ ಬಂದವನೇ ಕಂಡಕಂಡವರಿಗೆಲ್ಲ ಮದುವೆಗೆ ಹೇಳಿದ. ಮದುವೆಯ ದಿನ ನಮ್ಮ ಸಾಲಿನ ಮುಂದಿನ ಚಕ್ಕಡಿ ಹಿರೇಕೆರೂರಿನ ಓಣಿಯಲ್ಲಿ ತಿರುಗಿದಾಗ ಕಡೆಯದು ಇನ್ನೂ ಹೊರಗಿನ ರಸ್ತೆಯಲ್ಲೇ ನಿಂತಿತ್ತು. ನೂರು ಜನಕ್ಕೆ ಅಡಿಗೆ ಮಾಡಿಸಿದ್ದ ಬೀಗರು ಹಂದರದ ಕಂಬ ಹಿಡಿದುಕೊಂಡು ನಿಂತದ್ದು ನೆನಪಿದೆ. ಹುಗ್ಗಿಗೆ ನೀರು ಬಿತ್ತು, ಸಾರಿಗೆ ಇನ್ನೂ ಹೆಚ್ಚು ನೀರು ಬಿತ್ತು, ಓಣಿಯ ಮನೆಮನೆಯಿಂದ ರೊಟ್ಟಿ ಬಂದವು. ಅಂದಿನಿಂದ ಅವರು ಯಾರೇ ಕೈ ನೀಡಲಿ, ದೂರದಲ್ಲೇ ನಿಂತು ಕೈಮುಗಿಯುತ್ತಿದ್ದರು.

ಖಾನೇಸುಮಾರಿ ಬಂತು. ಅಂದರೆ ಜನಗಣತಿ. ಮಾಸ್ತರರಿಗಲ್ಲದೆ ಆ ಕೆಲಸ ಇನ್ನಾರಿಗೆ? ನಾನು ಕಾಗದ ಪೆನ್ಸಿಲು ಹಿಡಿದು ಊರೆಲ್ಲ ಸುತ್ತಿ ಕಡೆಗೆ ಮಾವನ ಕಟ್ಟೆಗೆ ಬಂದು ಗಂಭೀರವಾಗಿ, "ವಯಸ್ಸು?" ಎಂದೆ. ವಲ್ಲಿ ಬಂತು! ಸರಕಾರಿ ಕೆಲಸದಲ್ಲಿ ಹೀಗೆಲ್ಲ ನಡೆಯದು ಎಂದೆ. "ನಾ ಎತ್ತಾಗಿದ್ರ ಹಲ್ಲು ನೋಡಿ ಬರಕೋಬಹುದಿತ್ತು. ಮನಷ್ಯಾಗೇನಿ, ಕೈ ಹಾಕು," ಎಂದ. ಕೈ ಹಾಕಿದೆ. ಮೊದಲು ಹತ್ತಿನ ಲೆಕ್ಕದಲ್ಲಿ ಐದು, ಕೈ ಬಿಟ್ಟು ಬಿಡಿಯ ಲೆಕ್ಕದಲ್ಲಿ ಎರಡು. ಐವತ್ತೆರಡು ಎಂದು ಬರೆದುಕೊಂಡೆ.

ಒಳಗಿನಿಂದ ಅತ್ತಿಯ ದನಿ ಬಂತು: "ಹಿಂದಿನ ಖಾನೇಸುಮಾರಿಯಾಗೂ ಇಷ್ಟ ಹಿಡದಿದ್ರು, ಕೇಳು ಅವರನ್ನ."

"ಗಿರಾಕಿ ಬಂದಾಗ ಯಾರರೆ ಎತ್ತಿನ ವಯಸ್ಸು ಹೆಚ್ಚು ಹೇಳತಾರೇನ?" ಎಂದ ಮಾವ.

"ಹಲ್ಲರೆ ಎಲ್ಲಿ ಉಳದಾವ್ರಿ ನೋಡಾಕ?" ಎಂದಳು ಅತ್ತಿ. ನಾನು ಆ ಅಂಕಿಯನ್ನು ಒರೆಸಿ ಅಂದಾಜಿನ ಮೇಲೆ ಹತ್ತು ಕೂಡಿಸಿ ಬರೆದೆ.

ಅದೇ ಹೊತ್ತಿಗೆ ಇರಬೇಕು, ಮಾವನಿಗೆ ಒಂದು ಹೊಸ ಅಭಿಮಾನ ಹುಟ್ಟಿತು. ಬೀಡಿ ಹಚ್ಚಲು ಒಲೆಯಿಂದ ಕೆಂಡವನ್ನು ಬೆರಳಲ್ಲೇ ಎತ್ತುತ್ತಿದ್ದ. ಮೊದಲೂ ಎತ್ತುತ್ತಿದ್ದ, ಆದರೆ ಅತ್ತಿಂದಿತ್ತ ಹಾರಿಸುತ್ತ, ಹ್ಹಾ ಹ್ಹಾ ಎನ್ನುತ್ತ. ಈಗ ಸುಮ್ಮನೆ ಹಿಡಿದುಕೊಂಡು, ಬಂಕಾಪುರದ ಯಾವುದೋ ಹೋರಿಯ ಕಥೆ ಹೇಳುತ್ತ ಕೂತುಬಿಡುತ್ತಿದ್ದ. ನಾನು, "ಮಾವಾ, ಕೆಂಡಾ!" ಎಂದು ಚೀರಿದರೆ, "ಹಗ್ಗಾ ಹಿಡದು ಪಳಗಿದ ಕೈಯಿವು, ಏನೂ ಆಗೂದಿಲ್ಲ," ಎಂದು ನಗುತ್ತಿದ್ದ. ಮರುದಿನ ಬೆರಳ ತುದಿಯಲ್ಲಿ ಬೊಬ್ಬೆ ಇರುತ್ತಿತ್ತು. ಅದನ್ನು ನೋಡಿ ಅವನಿಗೇ ಆಶ್ಚರ್ಯ!

ಅಂಗಿಯ ಗುಂಡಿ ಹಾಕುವುದಕ್ಕೆ ಎತ್ತಿಗೆ ನೊಗ ಹೂಡುವಷ್ಟು ಹೊತ್ತು ಹಿಡಿಯತೊಡಗಿತು. ಬೀಡಿ ಬೆರಳಿಂದ ಜಾರಿ ಬಿದ್ದರೂ ಖಾಲಿ ಬೆರಳನ್ನೇ ತುಟಿಗಿಟ್ಟು ಸೇದುತ್ತಿದ್ದ. ಸಂಜೆಯ ರೊಟ್ಟಿ ವ್ಯಾಪಾರ ಈಗ ದೀರ್ಘವಾಯಿತು. "ಒತ್ತಿ ಹಿಡಿ, ಏನ ಹಿಡೀತಿ ಹತ್ತಿ ಹಿಡಿದಂಗ," ಎಂದು ಅತ್ತಿಯನ್ನು ಗದರಿಸುತ್ತಿದ್ದ. ಜಗತ್ತಿನ ಬೆರಳುಗಳೆಲ್ಲ ಸಡಿಲಾಗಿವೆ ಎಂಬುದು ಅವನ ದೂರು. "ಈಗಿನ ಮಂದಿಗೆ ಬೆರಳಾಗ ಜೀವಾನ ಇಲ್ಲ. ಗಿರಣಿ ಅಕ್ಕಿ ತಿಂದು ಹಿಂಗಾಗ್ಯಾರ," ಎನ್ನುತ್ತಿದ್ದ. ನಾವು ಜೋಳ ತಿನ್ನುವವರಲ್ಲವೆ ಎಂದರೆ ಬೀಡಿ ಹುಡುಕತೊಡಗುತ್ತಿದ್ದ.

ಅತ್ತಿ ಒಂದು ದಿನ ನನ್ನನ್ನು ಹಿತ್ತಲಿಗೆ ಕರೆದು, "ಹಾನಗಲ್ಲಿಗೆ ಕರಕೊಂಡು ಹೋಗಿ ಡಾಕ್ಟರಿಗೆ ತೋರಸೋ ತಮ್ಮಾ. ನಾ ನನ್ನ ಕೈ ನೋಯೂ ಹಂಗ ಒತ್ತಿದ್ರೂ ಅವರಿಗೆ ತಿಳಿಯವಲ್ದು," ಎಂದಳು. ಬೊಬ್ಬೆಗೆ ಮುಲಾಮು ತರೋಣ ಎಂದು ನೆಪ ಹೇಳಿ ಕರೆದುಕೊಂಡು ಹೋದೆ.

ಡಾಕ್ಟರು ಎಳೆಯರು, ಹುರುಪಿನವರು. ಮೂತ್ರ ಪರೀಕ್ಷೆ ಮಾಡಿ ಸಕ್ಕರೆಯ ರೋಗವಿಲ್ಲ ಎಂದರು. ಕಣ್ಣು ಮುಚ್ಚಿಸಿ ಅರಳೆಯ ಎಳೆಯನ್ನು ಬೆರಳಿಗೆ ತಾಗಿಸಿದರು. ಮಾವ ತುಸು ಹೊತ್ತು ಬಿಟ್ಟು, "ಹ್ಞಾ, ಈಗ ಬಂತು ನೋಡ್ರಿ," ಎಂದ. ಅಷ್ಟರಲ್ಲಿ ಅವರು ಅರಳೆ ತೆಗೆದು ಮೇಜಿನ ಮೇಲಿಟ್ಟು ಕೈ ಕಟ್ಟಿಕೊಂಡು ನಿಂತಿದ್ದರು! ಆಮೇಲೆ ಎರಡು ಮೊನೆಯ ಒಂದು ಸಾಧನ ತೆಗೆದರು, ನಮ್ಮ ಶಾಲೆಯ ಕೈವಾರದಂಥದ್ದು. ಒಮ್ಮೆ ಒಂದೇ ಮೊನೆ, ಒಮ್ಮೆ ಎರಡೂ ಮೊನೆ ತಾಗಿಸುವುದು, ಎಷ್ಟೆಂದು ಇವನು ಹೇಳುವುದು.

"ಎಷ್ಟ್ರಿ ಯಜಮಾನ್ರ, ಒಂದೋ ಎರಡೋ?"

ನಾನು ಹಣೆ ಹಿಡಿದುಕೊಂಡೆ. ವಲ್ಲಿ ಹೆಗಲಿಂದ ಇಳಿದು, ಡಾಕ್ಟರರ ಮುಂದೆ ಚಾಚಿತು. ನಾನು ಪದ್ಧತಿ ವಿವರಿಸಿದೆ. ಪಾಪ, ಒಳ್ಳೆಯ ಮನುಷ್ಯ, ನಗುತ್ತ ಕೈ ಹಾಕಿದರು. ಮಾವ ಒಂದು ಬೆರಳು ಹಿಡಿದ.

"ಎರಡು ಮೊನೆ ಇಟ್ಟಿದ್ದೆನ್ರಿ," ಎಂದರು ಡಾಕ್ಟರು.

ಮಾವ, "ಬರ್ರಿ, ನಡುವ ಮುಗಸೂಣು," ಎಂದ.

ಆಮೇಲೆ ಅವರು ಸಮಾಧಾನದಿಂದ ತಿಳಿಸಿ ಹೇಳಿದರು. ಇದು ರೋಗವಲ್ಲ, ವಯಸ್ಸು. ಚರ್ಮದ ಕೆಳಗೆ ಮುಟ್ಟಿದ್ದನ್ನು ಅರಿಯುವ ಸಣ್ಣ ಸಣ್ಣ ತುದಿಗಳಿರುತ್ತವೆ, ವರ್ಷ ಕಳೆದಂತೆ ಅವು ಕಡಿಮೆಯಾಗುತ್ತವೆ. ಅಲ್ಲಿಂದ ಮಿದುಳಿಗೆ ಸುದ್ದಿ ಒಯ್ಯುವ ನರಗಳೂ ಸವೆದು ನಿಧಾನವಾಗುತ್ತವೆ. ಎಲ್ಲರಿಗೂ ಅಷ್ಟಿಷ್ಟು ಆಗುವುದೇ, ಕೆಲವರಿಗೆ ಹೆಚ್ಚು.

"ಅಂದ್ರ ನಮ್ಮೂರ ಟಪಾಲಿನವನಂಗ," ಎಂದ ಮಾವ. "ಮೊದಲ ಓಡಿ ಬರತಿದ್ದ. ಈಗ ಎಲ್ಲಾ ಗಿಡದ ಬುಡಕ್ಕ ಕುಂತು ದಣಿವು ಆರಿಸಿಕೊಂಡು ಬರತಾನ."

"ಮತ್ತ ಒಂದೊಂದು ಸಲ ಪತ್ರಾನ ಕಳಕೋತಾನ್ರಿ. ಕೆಂಡಾ ಮುಟ್ಟಬ್ಯಾಡ್ರಿ," ಎಂದರು ಡಾಕ್ಟರು.

ತಿರುಗಿ ಬರುವಾಗ ಮಾವ ದಾರಿಯುದ್ದಕ್ಕೂ ವಲ್ಲಿಯ ಅಂಚನ್ನು ಬೆರಳಿಂದ ತಿಕ್ಕಿ ತಿಕ್ಕಿ ನೋಡುತ್ತಿದ್ದ. ಊರು ಹತ್ತಿರವಾದಾಗ ನನ್ನ ಕಡೆ ತಿರುಗಿ, "ಈ ಮಾತು ಸಂತಿಗೆ ಹೋಗಬಾರದು. ಮಂದಿ ನನ್ನ ಕೈಯಾಗ ಕೈ ಇಡೂದು ಆ ಕೈ ತಪ್ಪೂದಿಲ್ಲ ಅಂತ. ಕೈ ಹೋತಂದ್ರ ನಾ ಯಾರೋ, ಒಬ್ಬ ಮುದುಕ," ಎಂದ. ನಾನು ಹೂಂ ಎಂದೆ. ಹಾಗೆ ಎನ್ನಬಾರದಿತ್ತು.

ಮುಂದಿನ ವಾರ ಶಿಗ್ಗಾಂವಿಯಲ್ಲಿ ದನದ ಸಂತೆ. ಶಾಲೆಗೆ ಸೂಟಿ ಇತ್ತು, ನಾನೂ ಹೋದೆ. ಹಿರೇಬೆಂಡಿಗೇರಿಯ ಒಬ್ಬ ರೈತ ಬಿಳಿ ಎತ್ತಿನ ಜೋಡಿ ತಂದಿದ್ದ. ಮಾತು ಕಡಿಮೆಯ, ತಲೆ ತಗ್ಗಿಸಿ ನಿಲ್ಲುವ ಮನುಷ್ಯ. ಕೊಳ್ಳಲು ನಿಂತವರು ಸವಣೂರಿನ ಒಬ್ಬ ಸಾಹೇಬರು, ಗಲ್ಲದಲ್ಲಿ ಅವರೂರಿನ ವೀಳ್ಯದೆಲೆ. ಮಾವ ಒಬ್ಬನ ವಸ್ತ್ರದ ವ್ಯವಹಾರ ಮುಗಿಸಿ ಇನ್ನೊಬ್ಬರ ಹತ್ತಿರ ಹೋದ, ಮತ್ತೆ ಇತ್ತ ಬಂದ, ಮತ್ತೆ ಅತ್ತ ಹೋದ. ಕಡೆಗೆ ವಲ್ಲಿ ಗಾಳಿಯಲ್ಲಿ ಬೀಸಿ ಎತ್ತಿನ ಬೆನ್ನ ಮೇಲೆ ಬಿತ್ತು. ನನ್ನ ಎದೆ ಹಗುರಾಯಿತು. ನೋಡು, ಡಾಕ್ಟರು ಸುಮ್ಮನೆ ಹೆದರಿಸಿದರು ಎಂದುಕೊಂಡೆ.

ಸಾಹೇಬರು ನಾಲ್ಕು ನೂರು ಎಣಿಸಿ ಕೊಟ್ಟು ಹಗ್ಗ ಹಿಡಿದರು. ರೈತ ನೋಟು ನೋಡಿದ, ಮಾವನನ್ನು ನೋಡಿದ. "ನಾ ಐದೂ ಬೆರಳ ಹಿಡದಿದ್ದೆನ್ರಿ, ದಲಾಲರ," ಎಂದ ಮೆಲ್ಲಗೆ.

ಸಂತೆಯ ಜನ ಸುಮ್ಮನಿರುತ್ತಾರೆಯೆ? ಒಬ್ಬ ನಕ್ಕ. ಇನ್ನೊಬ್ಬ, "ವಲ್ಲಿ ಬಿದ್ದ ಮ್ಯಾಲೆ ಐದಂತ, ಹತ್ತಂತ! ದಲಾಲರ ಕೈ ಯಾವಾಗರೆ ತಪ್ಪೇತೇನು?" ಎಂದ. ಮೂರನೆಯವ ಆ ರೈತನನ್ನು ಸುಳ್ಳ ಎಂದೇ ಕರೆದ. ಆ ಮನುಷ್ಯ ತಲೆ ಇನ್ನಷ್ಟು ತಗ್ಗಿಸಿದ. ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು. ಡಾಕ್ಟರು ಹೇಳಿದ್ದು ಅಲ್ಲಿ ಇಬ್ಬರಿಗೇ ಗೊತ್ತಿತ್ತು. ಒಬ್ಬ ನಾನು, ನಾನು ಬಾಯಿ ಬಿಡಲಿಲ್ಲ. ಆ ನಾಚಿಕೆ ಇಂದಿಗೂ ಇದೆ.

ಮಾವ ತನ್ನ ಬಲಗೈಯನ್ನು ನೋಡಿಕೊಳ್ಳುತ್ತ ನಿಂತಿದ್ದ. ಕಿರುಬೆರಳನ್ನು ಎಡಗೈಯಿಂದ ಹಿಡಿದು ಒತ್ತಿದ, ಮತ್ತೆ ಒತ್ತಿದ. ಆಮೇಲೆ ತುಂಬಿದ ಸಂತೆಯ ನಡುವೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಐದು! ಅವ ಹಿಡದದ್ದು ಐದು. ನನಗ ಕೇಳಿಸಿದ್ದು ನಾಕು. ಅವ ಸುಳ್ಳ ಅಲ್ಲ, ನನ್ನ ಬೆರಳು ಸುಳ್ಳು ಹೇಳ್ಯಾವ. ಡಾಕ್ಟರು ಹೇಳಿದ್ರು, ನಾ ಮುಚ್ಚಿಟ್ಟಿದ್ದೆ. ತಪ್ಪು ನಂದು."

ನಲವತ್ತು ವರ್ಷದಲ್ಲಿ ಆ ಬಾಯಿಂದ ಅಂಕಿ ಬಿದ್ದದ್ದು ಅದೇ ಮೊದಲು! ಅದೂ ಒಂದಲ್ಲ, ಎರಡು. ಸವಣೂರಿನ ಸಾಹೇಬರು ಎಲೆಯನ್ನು ಒಂದು ಗಲ್ಲದಿಂದ ಇನ್ನೊಂದಕ್ಕೆ ಸರಿಸಿ, "ಐದಕ್ಕ ನನಗ ಆಗೂದಿಲ್ರಿ. ಆದ್ರ ನಿಮ್ಮ ಬಾಯಾಗಿನ ಮಾತು ಕೇಳಿದೆ, ಈ ಸಂತಿಗೆ ಬಂದದ್ದು ಹುಸಿ ಹೋಗಲಿಲ್ಲ," ಎಂದು ಹಗ್ಗವನ್ನು ರೈತನ ಕೈಗಿಟ್ಟು ತಮ್ಮ ನೋಟು ತಿರುಗಿ ಪಡೆದರು. ರೈತ ಎತ್ತಿನ ಗಂಗೆದೊಗಲು ಸವರುತ್ತ, "ಮಾರಾಕ ನನಗೂ ಮನಸಿರಲಿಲ್ಲ ಬಿಡ್ರಿ," ಎಂದ. ಮಾವ ಎತ್ತಿನ ಬೆನ್ನ ಮೇಲಿನ ವಲ್ಲಿ ತೆಗೆದು ಮಡಿಚಿದ. ಸಂತೆಯಲ್ಲಿ ಅದನ್ನು ಮತ್ತೆ ಬಿಚ್ಚಲಿಲ್ಲ.

ಅಂಕಿಯ ಕಟ್ಟು ಹರಿದುಹೋದದ್ದರಿಂದ ಇನ್ನು ಮನೆಯಲ್ಲೂ ಬಾಯಿಬಿಟ್ಟು ಮಾತಾಡುತ್ತಾನೆಂದು ನಾವು ತಿಳಿದೆವು. ಮಾತಾಡಿದ. ಎಂಥ ಮಾತು! ನಲವತ್ತು ವರ್ಷ ಒಳಗೆ ಕೂಡಿಟ್ಟ ಅಂಕಿಯೆಲ್ಲ ಒಮ್ಮೆಗೇ ಹೊರಬಿತ್ತು. ಕಟ್ಟೆಯ ಮೇಲೆ ಕೂತು ಓಡಾಡುವ ಆಡು ಎಣಿಸುತ್ತಿದ್ದ, ನನ್ನ ಶಾಲೆಯ ಹುಡುಗರನ್ನು ಎಣಿಸುತ್ತಿದ್ದ, ನಾನು ಎಷ್ಟು ಸಲ ಆಕಳಿಸಿದೆ ಎಂದು ನನ್ನ ಹೆಂಡತಿಗೆ ವರದಿ ಒಪ್ಪಿಸುತ್ತಿದ್ದ. ಒಂದೇ ಒಂದು ವ್ಯವಹಾರ ಮಾತ್ರ ವಲ್ಲಿಯ ಕೆಳಗೆ ಉಳಿದುಕೊಂಡಿತು. ಸಂಜೆ ಅತ್ತಿ ಬುಟ್ಟಿ ತಂದಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ಅವನು ವಲ್ಲಿ ಚಾಚುತ್ತಿದ್ದ. ಇಬ್ಬರೂ ಗೋಡೆ ನೋಡುತ್ತ ಮೊದಲಿಗಿಂತ ಹೆಚ್ಚು ಹೊತ್ತು ಕೂತಿರುತ್ತಿದ್ದರು. ಕಡೆಗೆ ತಾಟಿಗೆ ಎರಡೂವರೆ ರೊಟ್ಟಿ.

ನನಗೆ ಕುತೂಹಲ ತಡೆಯಲಾಗಲಿಲ್ಲ. ಒಂದು ದಿನ ಅಡಿಗೆ ಮನೆಯಲ್ಲಿ ಅತ್ತಿಯನ್ನು, "ನೀ ಒತ್ತಿದ್ದು ಮಾವಗ ತಿಳೀತೈತೇನ?" ಎಂದು ಕೇಳಿದೆ.

ಅತ್ತಿ ಹೊರಗೆ ಇಣುಕಿ ನೋಡಿ, ದನಿ ತಗ್ಗಿಸಿದಳು. "ನಾ ಒತ್ತೂದು ಬಿಟ್ಟು ಭಾಳ ದಿನಾ ಆತೋ ತಮ್ಮಾ. ಒತ್ತಿದ್ರ ಅವರಿಗೆ ತಿಳಿಯೂದಿಲ್ಲ. ತಿಳೀಲಿಲ್ಲಂದ್ರ ಅವರ ಮಾರಿ ಸಣ್ಣದಾಗತೈತಿ, ನನಗ ನೋಡಾಕ ಆಗೂದಿಲ್ಲ. ಸುಮ್ನ ಕೈ ಇಟಗೊಂಡು ಕುಂದರತೇನಿ. ಅವರಿಗೆ ಹೇಳಬ್ಯಾಡ."

ಕೈ ತೊಳೆದುಕೊಂಡು ಕಟ್ಟೆಗೆ ಬಂದೆ. ಮಾವ ಆಡು ಎಣಿಸುವುದನ್ನು ನಿಲ್ಲಿಸಿ ನನ್ನನ್ನು ಹತ್ತಿರ ಕೂರಿಸಿಕೊಂಡ. "ಒಳಗ ಏನ ಕೇಳಾಕತ್ತಿದ್ದಿ, ನನಗ ಗೊತ್ತೈತಿ. ಬೆರಳಿಗೆ ಕೇಳೂದಿಲ್ಲ, ಕಿವಿಗೆ ಕೇಳತೈತಿ," ಎಂದ. ಅತ್ತಿ ದನಿ ತಗ್ಗಿಸುವುದಕ್ಕೆ ಮೊದಲಿನ ನನ್ನ ಪ್ರಶ್ನೆಯಷ್ಟೇ ಅವನಿಗೆ ಕೇಳಿಸಿತ್ತು. ತನ್ನ ಬಲಗೈಯನ್ನು ತೊಡೆಯ ಮೇಲೆ ಅಗಲಿಸಿ ಇಟ್ಟುಕೊಂಡು ತುಸು ಹೊತ್ತು ನೋಡಿದ.

"ಆಕಿ ಎಷ್ಟ ಒತ್ತತಾಳ ನನಗ ಒಂದೂ ತಿಳಿಯೂದಿಲ್ಲೋ. ತಿಳಿದವರಂಗ ಮಾರಿ ಮಾಡತೇನಿ. ಕೈ ಬೆಚ್ಚಗ ಇರತೈತಿ, ಅದು ಆಕೀ ಕೈ ಅಂತ ಅಷ್ಟ ತಿಳೀತೈತಿ. ಅಷ್ಟ ತಿಳದ್ರ ನನಗ ಸಾಕು. ಇದನ್ನ ಆಕೀಗೆ ಹೇಳಬ್ಯಾಡ, ನೊಂದಕೋತಾಳ."

ಸಂಜೆಯಾಗಿತ್ತು. ಒಳಗಿನಿಂದ ಅತ್ತಿ ಊಟಕ್ಕೆ ಕರೆದಳು. ಮಾವ ವಲ್ಲಿ ಸರಿಪಡಿಸಿಕೊಂಡು ಎದ್ದ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡಳು, ಅವನು ಕೈ ಚಾಚಿದ, ಇಬ್ಬರೂ ಗೋಡೆ ನೋಡತೊಡಗಿದರು. ಜೀವಮಾನದಲ್ಲಿ ಒಮ್ಮೆ ನಾನೂ ದಲಾಲನಾಗಿದ್ದೆ. ಇಬ್ಬರ ಅಂಕಿಯೂ ನನಗೆ ಗೊತ್ತಿತ್ತು, ಎರಡೂ ಒಂದೇ ಆಗಿತ್ತು. ಅವರಿಬ್ಬರೂ ಇರುವ ತನಕ ಒಬ್ಬರದನ್ನು ಇನ್ನೊಬ್ಬರಿಗೆ ನಾನು ಹೇಳಲಿಲ್ಲ.